ಬೀದಿನಾಯಿಯ ಟಿವಿಟಿ: ಅಂಟುವ ಕ್ಯಾನ್ಸರಿನ ವಂಶಾವಳಿ

ಬೆದೆ ಮುಗಿದು ತಿಂಗಳು ಕಳೆದರೂ ಹೆಣ್ಣುನಾಯಿಯ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಲೇ ಇರುತ್ತದೆ. ಗಂಡುನಾಯಿ ಹೊತ್ತುಗೊತ್ತಿಲ್ಲದೆ ಶಿಶ್ನ ನೆಕ್ಕಿಕೊಳ್ಳುತ್ತಿರುತ್ತದೆ. ತೊಗಲು ಹಿಂದಕ್ಕೆ ಸರಿಸಿದರೆ ಬುಡದಲ್ಲಿ ಹೂಕೋಸಿನಂಥ ಕೆಂಪು ಗಡ್ಡೆ, ಬೆರಳು ತಾಗಿದರೆ ರಕ್ತ. ಬೀದಿನಾಯಿಗಳಿಗೆ ಅನ್ನ ಹಾಕುವ ಎಲ್ಲರೂ ಒಮ್ಮೆಯಾದರೂ ಇದನ್ನು ಕಂಡಿರುತ್ತಾರೆ. ಪಶುವೈದ್ಯರು ಟಿವಿಟಿ (ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್, ಅಂದರೆ ಕೂಡುವಾಗ ಅಂಟುವ ಗಡ್ಡೆ) ಎನ್ನುತ್ತಾರೆ, ಹಳಬರು ವೆನೀರಿಯಲ್ ಗ್ರಾನುಲೋಮಾ ಎಂದೇ ಚೀಟಿಯಲ್ಲಿ ಬರೆಯುತ್ತಾರೆ. ಅದು ಕ್ಯಾನ್ಸರ್. ಆದರೆ ಆ ಗಡ್ಡೆಯ ಜೀವಕೋಶಗಳು ಆ ನಾಯಿಯವಲ್ಲ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ಒಂದು ನಾಯಿಯ ಕೋಶಗಳು ಇನ್ನೂ ಒಂದು ಎರಡಾಗಿ ಒಡೆಯುತ್ತ, ಒಂದು ಮೈಯಿಂದ ಇನ್ನೊಂದಕ್ಕೆ ದಾಟುತ್ತ ಇಲ್ಲಿಯವರೆಗೆ ಬಂದಿವೆ.

ಈ ಹಿನ್ನೆಲೆಯನ್ನು ಕುತೂಹಲಕ್ಕೆಂದು ಮಾತ್ರ ಬರೆಯುತ್ತಿಲ್ಲ. ಕತ್ತಿ ಹಾಕಿದರೆ ಯಾಕೆ ಮರಳುತ್ತದೆ, ವಾರಕ್ಕೊಂದು ಇಂಜೆಕ್ಷನ್‌ಗೆ ಯಾಕೆ ಕರಗುತ್ತದೆ, ನಾಯಿಗಳನ್ನು ಹಿಡಿದು ದೂರ ಸಾಗಿಸಿದರೆ ಯಾಕೆ ಕಡಿಮೆಯಾಗುವುದಿಲ್ಲ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇದರ ಜೀನುಗಳ ಚರಿತ್ರೆಯಲ್ಲಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಂಟುರೋಗದಿಂದ ಬರುವ ಕ್ಯಾನ್ಸರ್ ಬೇರೆ, ತಾನೇ ಅಂಟುವ ಕ್ಯಾನ್ಸರ್ ಬೇರೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಎಚ್‌ಪಿವಿ ವೈರಸ್ ದಾಟುತ್ತದೆ, ಗಡ್ಡೆಯಾಗುವುದು ರೋಗಿಯ ಸ್ವಂತ ಕೋಶ. ಕೋಳಿ ಸಾಕುವವರಿಗೆ ಗೊತ್ತಿರುವ ಮ್ಯಾರೆಕ್ಸ್ ರೋಗವೂ ಹಾಗೆಯೇ, ಹರಡುವುದು ವೈರಸ್. ಟಿವಿಟಿಯಲ್ಲಿ ನಡುವೆ ಯಾವ ವೈರಸ್ಸೂ ಇಲ್ಲ. ಬ್ಯಾಕ್ಟೀರಿಯಾ ಮಾಡುವ ಕೆಲಸವನ್ನು ಕ್ಯಾನ್ಸರ್ ಕೋಶವೇ ಮಾಡುತ್ತದೆ: ಒಂದು ನಾಯಿಯಿಂದ ಕಳಚಿ ಇನ್ನೊಂದರ ಗಾಯವಾದ ಒಳಪೊರೆಯ ಮೇಲೆ ಬಿದ್ದು ಅಲ್ಲೇ ಬೆಳೆಯುತ್ತದೆ. ನಾಯಿಗಳು ಕೂಡಿದ ಮೇಲೆ ಬಿಡಿಸಿಕೊಳ್ಳಲಾಗದೆ ಬೆನ್ನಿಗೆ ಬೆನ್ನು ಮಾಡಿ ಎಷ್ಟೋ ಹೊತ್ತು ನಿಂತಿರುತ್ತವಲ್ಲ, ಆ ಎಳೆದಾಟದಲ್ಲಿ ಎರಡೂ ಕಡೆಯ ಒಳಪೊರೆ ತರಚುತ್ತದೆ. ಕೋಶಕ್ಕೆ ಬೇಕಾದದ್ದು ಅಷ್ಟೇ. ಮೂಸುವುದು, ನೆಕ್ಕುವುದು, ಕಚ್ಚುವುದೂ ದಾರಿಗಳೇ. ಆದ್ದರಿಂದ ಮೂಗು, ಬಾಯಿ, ಕಣ್ಣಿನಲ್ಲೂ ಗಡ್ಡೆ ಕಾಣಿಸುತ್ತದೆ.

1876ರಲ್ಲೇ ರಷ್ಯಾದ ಪಶುವೈದ್ಯ ಮಸ್ತಿಸ್ಲಾವ್ ನೋವಿನ್ಸ್ಕಿ ಈ ಗಡ್ಡೆಯ ತುಣುಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಕಸಿ ಮಾಡಿ ಬೆಳೆಸಿ ತೋರಿಸಿದ್ದ. ಆದರೂ ‘ಕೋಶವೇ ದಾಟುತ್ತದೆ’ ಎಂಬುದು ಜೀನುಗಳ ಮಟ್ಟದಲ್ಲಿ ಗಟ್ಟಿಯಾಗಿದ್ದು 2006ರಲ್ಲಿ, ಲಂಡನ್ನಿನ ಕ್ಲಾಡಿಯೋ ಮುರ್ಜಿಯಾ, ರಾಬಿನ್ ವೈಸ್ ತಂಡದ ಕೆಲಸದಿಂದ. ಅಂಥದ್ದನ್ನು ಸಾಬೀತು ಮಾಡುವ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ಎಲ್ಲ ಪ್ರಾಣಿಗಳಿಗೂ ಇದೇ ಪರೀಕ್ಷೆ.

ಪ್ರತಿ ಪ್ರಾಣಿಯಿಂದ ಎರಡು ಮಾದರಿ ಬೇಕು: ಗಡ್ಡೆಯದೊಂದು, ಅದೇ ಪ್ರಾಣಿಯ ಆರೋಗ್ಯವಾದ ಅಂಗಾಂಶದ್ದೊಂದು. ಸಾಧಾರಣ ಕ್ಯಾನ್ಸರ್ ಆಗಿದ್ದರೆ ಗಡ್ಡೆಯ ಡಿಎನ್‌ಎ ಆ ಪ್ರಾಣಿಯ ಡಿಎನ್‌ಎಗೇ ಹತ್ತಿರ ಇರಬೇಕು, ಮೇಲೊಂದಿಷ್ಟು ಹೊಸ ಮ್ಯುಟೇಷನ್ (ಡಿಎನ್‌ಎಯಲ್ಲಾದ ಬದಲಾವಣೆ) ಮಾತ್ರ. ಅಂಟುವ ಕ್ಯಾನ್ಸರ್ ಆಗಿದ್ದರೆ ಗಡ್ಡೆ ತನ್ನ ಒಡೆಯನನ್ನು ಹೋಲುವುದಿಲ್ಲ. ಬೇರೆ ಊರಿನ, ಬೇರೆ ತಳಿಯ ನಾಯಿಯ ಗಡ್ಡೆಯನ್ನು ಹೋಲುತ್ತದೆ. ಇಲ್ಲಿ ಮುಗ್ಗರಿಸುವ ಜಾಗ ಎರಡು. ಗಡ್ಡೆಯಿಂದ ಕತ್ತರಿಸಿದ ತುಣುಕಿನಲ್ಲಿ ರೋಗಿಯ ಸ್ವಂತ ರಕ್ತನಾಳ, ಬಿಳಿರಕ್ತಕಣಗಳೂ ಬೆರೆತಿರುತ್ತವೆ. ಆದ್ದರಿಂದ ಗಡ್ಡೆಯ ಮಾದರಿಯಲ್ಲಿ ನಾಯಿಯ ಡಿಎನ್‌ಎ ಕಂಡಿತೆಂದು ‘ಇದು ಇದರದೇ ಕ್ಯಾನ್ಸರ್’ ಎಂದು ತೀರ್ಮಾನಿಸುವಂತಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ನಾಯಿಯ ಪಾಲನ್ನು ಕಳೆಯಬೇಕು. ಎರಡನೆಯದು ಇನ್ನೂ ನಾಜೂಕು: ಮೈಟೋಕಾಂಡ್ರಿಯಾದ ಡಿಎನ್‌ಎ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕ್ರೋಮೋಸೋಮ್ ಎಣಿಸಿದರೂ ವ್ಯತ್ಯಾಸ ಎದ್ದು ಕಾಣುತ್ತದೆ. ನಾಯಿಗೆ 78 ಕ್ರೋಮೋಸೋಮ್. ಲಿಂಗ ನಿರ್ಧರಿಸುವ ಎರಡನ್ನು ಬಿಟ್ಟರೆ ಉಳಿದ 76ಕ್ಕೂ ಸೊಂಟ (ಎರಡು ತೋಳುಗಳು ಕೂಡುವ ಜಾಗ, ಸೆಂಟ್ರೊಮಿಯರ್) ತುದಿಯಲ್ಲಿರುತ್ತದೆ. ಟಿವಿಟಿ ಕೋಶದಲ್ಲಿ ಎಣಿಕೆ 60ರ ಆಸುಪಾಸಿಗೆ ಇಳಿದಿದೆ, ನಡುಸೊಂಟದ ಕ್ರೋಮೋಸೋಮುಗಳು ಹತ್ತಕ್ಕೂ ಹೆಚ್ಚು. ತುದಿಸೊಂಟದವು ಎರಡೆರಡು ಅಂಟಿಕೊಂಡು ಒಂದಾಗಿವೆ, ಹಾಗಾಗಿ ಎಣಿಕೆ ಇಳಿದಷ್ಟು ಸಾಮಗ್ರಿ ಕಳೆದುಹೋಗಿಲ್ಲ. ಮುಖ್ಯವಾದ ಮಾತೆಂದರೆ, ಈ ವಿಚಿತ್ರ ಜೋಡಣೆ ಖಂಡಖಂಡಗಳ ಗಡ್ಡೆಗಳಲ್ಲಿ ಒಂದೇ ಬಗೆಯಾಗಿದೆ. ಇದರ ಜೊತೆಗೆ, ಮಿಕ್ ಎಂಬ ಕ್ಯಾನ್ಸರ್ ಜೀನಿನ ಹತ್ತಿರ ಲೈನ್-1 ಎಂಬ ನೆಗೆಯುವ ಡಿಎನ್‌ಎ ತುಂಡೊಂದು ಬಂದು ಕೂತಿದೆ. 1980ರ ದಶಕದಲ್ಲೇ ಗುರುತಿಸಿದ ಈ ಗುರುತು ಟಿವಿಟಿಯಲ್ಲಿ ಇರುತ್ತದೆ, ಆರೋಗ್ಯವಂತ ನಾಯಿಯಲ್ಲಿ ಇರುವುದಿಲ್ಲ. ಲ್ಯಾಬಿನಲ್ಲಿ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನಷ್ಟೇ ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಮಾಡಿ ಟಿವಿಟಿ ಹೌದೋ ಅಲ್ಲವೋ ಹೇಳುವುದು ಇದರ ಮೇಲೆಯೇ: ನಕಲು ಶುರುಮಾಡುವ ಒಂದು ತುಣುಕು (ಪ್ರೈಮರ್) ಲೈನ್-1ರೊಳಗೆ, ಇನ್ನೊಂದು ಮಿಕ್ ಕಡೆ. ಎರಡೂ ಅಕ್ಕಪಕ್ಕ ಇದ್ದರಷ್ಟೇ ಫಲಿತಾಂಶದಲ್ಲಿ ಗೆರೆ (ಬ್ಯಾಂಡ್) ಬರುತ್ತದೆ.

ಇನ್ನು ವಯಸ್ಸು. 2014ರಲ್ಲಿ ಎಲಿಜಬೆತ್ ಮರ್ಚಿಸನ್ ತಂಡ ಎರಡು ಗಡ್ಡೆಗಳ ಪೂರ್ತಿ ಜೀನೋಮ್ (ಕೋಶದ ಇಡೀ ಡಿಎನ್‌ಎ) ಓದಿತು, ಒಂದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಾಡಿಯ ನಾಯಿಯದು, ಇನ್ನೊಂದು ಬ್ರೆಜಿಲ್‌ನ ಕಾಕರ್ ಸ್ಪಾನಿಯೆಲ್‌ನದು. ಸುಮಾರು 19 ಲಕ್ಷ ಮ್ಯುಟೇಷನ್‌ಗಳು ಸಿಕ್ಕವು. ಮನುಷ್ಯರ ಹೆಚ್ಚಿನ ಗಡ್ಡೆಗಳಲ್ಲಿ ಸಿಗುವುದು ಕೆಲವು ಸಾವಿರ. 646 ಜೀನುಗಳು ಪೂರ್ತಿ ಅಳಿದೇ ಹೋಗಿದ್ದವು. ಇಷ್ಟಾದರೂ ಕೋಶ ಆರಾಮಾಗಿ ಬದುಕಿದೆ. ಒಂದು ಸಸ್ತನಿ ಕೋಶಕ್ಕೆ ಬರೀ ತಾನು ಬದುಕಿ ಒಡೆಯುವುದಕ್ಕೆ ಎಷ್ಟು ಕಡಿಮೆ ಸಾಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಆಗ ಲೆಕ್ಕಹಾಕಿದ ವಯಸ್ಸು ಸುಮಾರು 11,000 ವರ್ಷ. 2019ರಲ್ಲಿ ಆಡ್ರಿಯನ್ ಬಾಯೆಸ್-ಒರ್ಟೆಗಾ ಮತ್ತು ಸಂಗಡಿಗರು 43 ದೇಶಗಳ 546 ಗಡ್ಡೆಗಳನ್ನು ಇಟ್ಟುಕೊಂಡು ಲೆಕ್ಕ ತಿದ್ದಿದರು: 4,000ದಿಂದ 8,500 ವರ್ಷ. ಇಂಥ ಗಡಿಯಾರ ಮ್ಯುಟೇಷನ್ ಬೀಳುವ ವೇಗದ ಮೇಲೆ ನಿಂತಿದೆ. ವೇಗದ ಅಂದಾಜು ಬದಲಾದರೆ ವಯಸ್ಸೂ ಬದಲಾಗುತ್ತದೆ. ಎಲ್ಲಾದರೂ ‘11,000 ವರ್ಷ’ ಎಂದು ಓದಿದರೆ ಅದು ಹಳೆಯ ಲೆಕ್ಕ.

ಮೂಲನಾಯಿ ಹೇಗಿತ್ತು? ಜೀನೋಮಿನಲ್ಲಿ ಅದರ ಚಹರೆ ಅಷ್ಟಿಷ್ಟು ಉಳಿದಿದೆ: ಇಂದಿನ ಹಸ್ಕಿ, ಅಲಾಸ್ಕನ್ ಮ್ಯಾಲಮ್ಯೂಟ್‌ಗಳ ನೆಂಟ, ರಕ್ತಸಂಬಂಧದೊಳಗೇ ಕೂಡಿ ಹುಟ್ಟಿದ ಲಕ್ಷಣ. 2018ರಲ್ಲಿ ಇನ್ನೊಂದು ಅಚ್ಚರಿ ಹೊರಬಿತ್ತು. ಯುರೋಪಿನವರು ಬರುವ ಮೊದಲು ಅಮೆರಿಕ ಖಂಡಗಳಲ್ಲಿದ್ದ ನಾಯಿಗಳ ಸಂತತಿ ಹೆಚ್ಚುಕಡಿಮೆ ಅಳಿದುಹೋಗಿದೆ. ಅವುಗಳಿಗೆ ಈಗ ಉಳಿದಿರುವ ಅತಿ ಹತ್ತಿರದ ಬಂಧು ಈ ಗಡ್ಡೆ! ಆ ಗಡ್ಡೆಯೂ ಅಮೆರಿಕಕ್ಕೆ ಕಾಲಿಟ್ಟಿದ್ದು ಸುಮಾರು 500 ವರ್ಷಗಳ ಹಿಂದೆ, ಹಡಗಿನಲ್ಲಿ ಹೋದ ನಾಯಿಗಳ ಜೊತೆ.

ಈಗ ವಿಕಾಸದ ತಿರುಳಿಗೆ ಬರೋಣ. ಇಷ್ಟು ಸಾವಿರ ವರ್ಷ ನೈಸರ್ಗಿಕ ಆಯ್ಕೆಯ ಕುಲುಮೆಯಲ್ಲಿ ಬೆಂದ ಕ್ಯಾನ್ಸರ್ ಇನ್ನೂ ಇನ್ನೂ ಹರಿತವಾಗಿರಬೇಕು ಎಂದು ಅನ್ನಿಸುವುದು ಸಹಜ. 2019ರ ಅಧ್ಯಯನ ಹೇಳಿದ್ದು ಅದಲ್ಲ. ಕ್ಯಾನ್ಸರ್ ಆಗಲು ಬೇಕಾದ ಪೆಟ್ಟುಗಳು ಮೊದಲಿಗೇ ಬಿದ್ದುಹೋಗಿದ್ದವು: ಮಿಕ್, ಸೆಟ್‌ಡಿ2, ಸಿಡಿಕೆಎನ್2ಎ, ಪಿಟೆನ್, ಆರ್‌ಬಿ1 ಎಂಬ ಐದು ಜೀನುಗಳಲ್ಲಿ. ಅಲ್ಲಿಂದ ಈಚೆಗೆ ಬಿದ್ದ ಲಕ್ಷಾಂತರ ಮ್ಯುಟೇಷನ್‌ಗಳಲ್ಲಿ ಆಯ್ಕೆಯ ಗುರುತು ಕಾಣುವುದೇ ಕಷ್ಟ. ಪರೀಕ್ಷೆ ಸರಳ: ಪ್ರೋಟೀನನ್ನು ಬದಲಿಸುವ ಮ್ಯುಟೇಷನ್‌ಗಳನ್ನೂ ಬದಲಿಸದವನ್ನೂ ಎಣಿಸಿ, ಯಾದೃಚ್ಛಿಕವಾಗಿ ಬಿದ್ದಿದ್ದರೆ ಎಷ್ಟಿರಬೇಕಿತ್ತೋ ಅದಕ್ಕೆ ಹೋಲಿಸುವುದು. ಅನುಪಾತ 1ಕ್ಕಿಂತ ಹೆಚ್ಚಿದ್ದರೆ ಬದಲಾವಣೆಗೆ ಒತ್ತಾಸೆ, ಕಡಿಮೆಯಿದ್ದರೆ ಕೆಟ್ಟವನ್ನು ಕಳೆಯಲಾಗುತ್ತಿದೆ ಎಂದರ್ಥ. ಟಿವಿಟಿಯಲ್ಲಿ ಅದು 1ರ ಹತ್ತಿರವೇ ನಿಂತಿದೆ. ಒಳ್ಳೆಯದು ಸೇರುತ್ತಿಲ್ಲ, ಕೆಟ್ಟದ್ದು ಹೋಗುತ್ತಲೂ ಇಲ್ಲ. ಕೊಚ್ಚಿಕೊಂಡು ಬಂದದ್ದೆಲ್ಲ ಉಳಿದಿದೆ. ಗಡ್ಡೆ ಮೈಯ ಹೊರಭಾಗದಲ್ಲಿ ಬೆಳೆಯುವುದರಿಂದ ಬಿಸಿಲಿನ ನೇರಳಾತೀತ ಕಿರಣ ಮಾಡಿದ ಗಾಯದ ಗುರುತೂ ಡಿಎನ್‌ಎಯಲ್ಲಿ ಅಚ್ಚೊತ್ತಿದೆ. ಇನ್ನೊಂದು ಬಗೆಯ ಗುರುತು ಬಹು ಹಿಂದೆ ಬೀಳುತ್ತಿತ್ತು, ಆಮೇಲೆ ನಿಂತುಹೋಗಿದೆ. ಅದನ್ನು ಮಾಡಿದ್ದೇನು ಎಂಬುದು ಒಗಟಾಗಿಯೇ ಉಳಿದಿದೆ.

ಗಂಡುಹೆಣ್ಣು ಕೂಡಿ ಜೀನು ಬೆರೆಸಿಕೊಳ್ಳದ ಜೀವಿಗೆ ಇದು ದೊಡ್ಡ ತೊಂದರೆ. ಕೆಟ್ಟ ಮ್ಯುಟೇಷನ್ ಒಮ್ಮೆ ಸೇರಿದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಹಾಗಿದ್ದೂ ಟಿವಿಟಿ ಬದುಕಿರುವುದಕ್ಕೆ ಒಂದು ಉಪಾಯ ಮೈಟೋಕಾಂಡ್ರಿಯಾ ಕಳವು. ಕೋಶಕ್ಕೆ ಶಕ್ತಿ ಒದಗಿಸುವ ಈ ಕಣಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಅದು ಬೇಗ ಕೆಡುತ್ತದೆ. ಕೆಟ್ಟಾಗ ಗಡ್ಡೆ ತಾನಿರುವ ನಾಯಿಯ ಕೋಶದಿಂದ ಹೊಸದನ್ನು ತೆಗೆದುಕೊಂಡಿದೆ. 2016ರಲ್ಲಿ ಆಂಡ್ರಿಯಾ ಸ್ಟ್ರಕೋವಾ ತಂಡ 39 ದೇಶಗಳ 449 ಗಡ್ಡೆಗಳನ್ನು ಹೋಲಿಸಿ, ಇಂಥ ಕಳವು ಕನಿಷ್ಠ ಐದು ಸಲ ನಡೆದಿದೆ ಎಂದು ತೋರಿಸಿತು. ಮೈಟೋಕಾಂಡ್ರಿಯಾವನ್ನಷ್ಟೇ ನೋಡಿದರೆ ಮೋಸ ಎಂದದ್ದು ಇದಕ್ಕೇ. ಐದು ಬೇರೆ ನಾಯಿಗಳಲ್ಲಿ ಐದು ಸಲ ಕ್ಯಾನ್ಸರ್ ಹುಟ್ಟಿತೆಂದು ತೋರುತ್ತದೆ. ನ್ಯೂಕ್ಲಿಯಸ್ಸಿನ ಡಿಎನ್‌ಎ ನೋಡಿದಾಗ ಹುಟ್ಟು ಒಂದೇ, ಕಳವು ಐದು.

ಬೇರೆ ನಾಯಿಯ ಕೋಶವನ್ನು ಮೈ ಯಾಕೆ ತಿರಸ್ಕರಿಸುವುದಿಲ್ಲ? ಮೂತ್ರಪಿಂಡ ಕಸಿಯಲ್ಲಿ ‘ಮ್ಯಾಚ್’ ನೋಡುತ್ತಾರಲ್ಲ, ಆ ಗುರುತುಚೀಟಿಯೇ ಎಂಎಚ್‌ಸಿ ಪ್ರೋಟೀನು. ಬೆಳೆಯುವ ಹಂತದ ಟಿವಿಟಿ ಕೋಶಗಳು ಇದನ್ನು ಮೇಲ್ಮೈಯಲ್ಲಿ ಹೆಚ್ಚಾಗಿ ತೋರಿಸುವುದಿಲ್ಲ. ಜೊತೆಗೆ ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸುರಿಸಿ ಸುತ್ತಲಿನ ಕಾವಲುಕೋಶಗಳನ್ನು ಮಂಕಾಗಿಸುತ್ತವೆ. ಪ್ರಯೋಗಕ್ಕೆಂದು ಕಸಿ ಮಾಡಿದ ಆರೋಗ್ಯವಂತ ನಾಯಿಗಳಲ್ಲಿ ಕೆಲವು ತಿಂಗಳು ಬೆಳೆದ ಮೇಲೆ ಚಕ್ರ ಹಿಂದಕ್ಕೆ ತಿರುಗುತ್ತದೆ. ಒಳನುಗ್ಗಿದ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಐಎಲ್-6 ಎಂಬ ಇನ್ನೊಂದು ರಾಸಾಯನಿಕ ಸುರಿಸಿ ಟಿಜಿಎಫ್-ಬೀಟಾವನ್ನು ಹಿಮ್ಮೆಟ್ಟಿಸುತ್ತವೆ, ಎಂಎಚ್‌ಸಿ ಮರಳಿ ಕಾಣಿಸಿಕೊಳ್ಳುತ್ತದೆ, ಗಡ್ಡೆ ಕರಗುತ್ತದೆ. ಹಾಗೆ ಗುಣವಾದ ನಾಯಿಗೆ ಮತ್ತೆ ಅಂಟುವುದು ಕಷ್ಟ. ಆದರೆ ಬೀದಿಯಲ್ಲಿ ಸಹಜವಾಗಿ ಬಂದ ಟಿವಿಟಿ ತಾನಾಗಿ ಕರಗುತ್ತದೆಂದು ಕಾಯುವುದು ತಪ್ಪು. ಹೊಟ್ಟೆಗಿಲ್ಲದ, ಹುಳುವಿರುವ, ಉಣ್ಣೆಜ್ವರ ಹತ್ತಿದ ನಾಯಿಗೆ ಆ ಚಕ್ರ ತಿರುಗಿಸುವ ತ್ರಾಣವಿರುವುದಿಲ್ಲ. ಬೇರೆ ಅಂಗಗಳಿಗೆ ಹರಡುವುದು ಅಪರೂಪ. ಹರಡಿದ್ದು ಕಂಡರೆ ಮರಿಯೋ ನಿಶ್ಶಕ್ತ ನಾಯಿಯೋ ಎಂದು ನೋಡಿ.

ಈ ಜ್ಞಾನವೆಲ್ಲ ಮೇಜಿನ ಮೇಲೆ ಮಲಗಿದ ನಾಯಿಗೆ ಹೇಗೆ ಉಪಯೋಗ?

ಪತ್ತೆಗೆ ಬಯಾಪ್ಸಿ ಬೇಕಾಗುವುದು ಕಡಿಮೆ. ಗಡ್ಡೆಯ ಮೇಲಿನ ರಕ್ತ, ಕೀವನ್ನು ಸಲೈನ್‌ನಲ್ಲಿ ತೊಳೆದು ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ಸ್ಲೈಡನ್ನು ಮೆಲ್ಲಗೆ ಒತ್ತಿ ಎತ್ತಬೇಕು, ಉಜ್ಜಬಾರದು. ಗಾಳಿಗೆ ಬೇಗ ಒಣಗಿಸಿ, ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ, ಆಮೇಲೆ ಜೀಮ್ಸಾ ಬಣ್ಣ. ದುಂಡನೆಯ ಬಿಡಿಬಿಡಿ ಕೋಶಗಳು, ಒಳಗೆ ಒಂದೆರಡು ದಪ್ಪ ನ್ಯೂಕ್ಲಿಯೋಲಸ್, ಒಡೆಯುತ್ತಿರುವ ಕೋಶಗಳು ಹೇರಳ, ಅಂಚಿನಲ್ಲಿ ಸಾಲಾಗಿ ಕೂತ ಬಿಳಿ ಗುಳ್ಳೆಗಳು. ಈ ಗುಳ್ಳೆಸಾಲು ಕಂಡರೆ ಸಂಶಯ ಬೇಡ. ಬರೀ ನ್ಯೂಟ್ರೋಫಿಲ್‌ಗಳೇ (ಕೀವಿನಲ್ಲಿರುವ ಬಿಳಿರಕ್ತಕಣ) ಕಂಡರೆ ತೊಳೆದದ್ದು ಸಾಲದು, ಮೇಲಿನ ಕೀವನ್ನಷ್ಟೇ ಎತ್ತಿದ್ದೀರಿ ಎಂದರ್ಥ. ಲಿಂಫೋಮಾ, ಮಾಸ್ಟ್ ಸೆಲ್ ಗಡ್ಡೆ, ಹಿಸ್ಟಿಯೋಸೈಟೋಮಾಗಳೂ ದುಂಡುಕೋಶದ ಗಡ್ಡೆಗಳೇ. ಚರ್ಮದ ಮೇಲೋ ಮೂಗಿನಲ್ಲೋ ಮಾತ್ರ ಇದ್ದು ಜನನಾಂಗದಲ್ಲಿ ಏನೂ ಇಲ್ಲದಿದ್ದರೆ ಆಗ ಪಿಸಿಆರ್‌ಗೆ ಬೆಲೆ.

ಮೂಗಿನ ಟಿವಿಟಿಯ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಮೂಗಿನಿಂದ ರಕ್ತ ಬಂತೆಂದರೆ ಮೊದಲು ನೆನಪಾಗುವುದು ಉಣ್ಣೆಜ್ವರ, ಅಂದರೆ ಎರ್ಲಿಕಿಯಾ. ಡಾಕ್ಸಿಸೈಕ್ಲಿನ್ ಶುರುವಾಗುತ್ತದೆ, ವಾರಗಳು ಉರುಳುತ್ತವೆ. ರಕ್ತ ಒಂದೇ ಹೊಳ್ಳೆಯಿಂದ ಬರುತ್ತಿದ್ದರೆ, ಮೂಗಿನ ಸೇತುವೆ ಊದಿದ್ದರೆ, ಸೀನು ಜಾಸ್ತಿಯಿದ್ದರೆ ಒಳಗಿನಿಂದ ಸ್ಮಿಯರ್ ತೆಗೆಯದೆ ಬಿಡಬೇಡಿ. ಎರಡೂ ರೋಗ ಒಂದೇ ನಾಯಿಯಲ್ಲಿರುವುದೂ ಉಂಟು. ಗಂಡಿನಲ್ಲಿ ಗಡ್ಡೆ ಶಿಶ್ನದ ಬುಡದ ಉಬ್ಬಿನ ಹಿಂದೆ ಅಡಗಿರುತ್ತದೆ. ಪೂರ್ತಿ ಹೊರಗೆಳೆಯದೆ ‘ಏನಿಲ್ಲ’ ಎನ್ನುವಂತಿಲ್ಲ. ಹೆಣ್ಣಿನಲ್ಲಿ ಕೈಗವಸು ಹಾಕಿದ ಬೆರಳಿನಿಂದ ಒಳಗೆ ಮುಟ್ಟಿ ನೋಡಬೇಕು.

ಚಿಕಿತ್ಸೆಗೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಮದ್ದು. ಕೋಶ ಒಡೆಯುವಾಗ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ದಾರಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಪ್ರಮಾಣ ಮೈಯ ಮೇಲ್ಮೈ ಲೆಕ್ಕದಲ್ಲಿ ಚದರ ಮೀಟರಿಗೆ 0.5ರಿಂದ 0.7 ಮಿಲಿಗ್ರಾಂ, ಇಲ್ಲವೇ ಕಿಲೋ ತೂಕಕ್ಕೆ 0.025 ಮಿಲಿಗ್ರಾಂ, ವಾರಕ್ಕೊಮ್ಮೆ, ರಕ್ತನಾಳಕ್ಕೇ. 15 ಕಿಲೋ ನಾಯಿಯ ಮೇಲ್ಮೈ ಸುಮಾರು 0.6 ಚದರ ಮೀಟರ್, ಎರಡೂ ಲೆಕ್ಕದಲ್ಲಿ 0.4 ಮಿಲಿಗ್ರಾಂ ಆಸುಪಾಸು ಬರುತ್ತದೆ. ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ವಯಲ್‌ನಲ್ಲಿ ಅದು 0.4 ಮಿಲಿಲೀಟರ್. ಇಷ್ಟು ಸಣ್ಣ ಅಳತೆಗೆ ಇನ್ಸುಲಿನ್ ಸಿರಿಂಜೋ 1 ಮಿಲಿಲೀಟರ್ ಸಿರಿಂಜೋ ಬೇಕು, 5ರದ್ದರಲ್ಲಿ ಅಳೆದರೆ ತಪ್ಪುತ್ತದೆ. ಸಾಮಾನ್ಯವಾಗಿ 4ರಿಂದ 8 ವಾರ. ಎರಡನೇ ಡೋಸಿಗೇ ರಕ್ತ ನಿಲ್ಲುತ್ತದೆ, ಮೂರನೆಯದಕ್ಕೆ ಗಡ್ಡೆ ಅರ್ಧಕ್ಕಿಳಿಯುತ್ತದೆ. ಬೀದಿನಾಯಿಗಳ ಚಿಕಿತ್ಸೆ ಹಳ್ಳ ಹಿಡಿಯುವುದು ಇಲ್ಲಿಯೇ: ರಕ್ತ ನಿಂತಿತು, ನಾಯಿ ಲವಲವಿಕೆಯಾಗಿದೆ, ಮುಂದಿನ ವಾರ ಹಿಡಿಯುವುದು ಕಷ್ಟ, ಬಿಟ್ಟುಬಿಡುತ್ತಾರೆ. ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ, ಮದ್ದಿನ ರುಚಿ ಕಂಡವು ಬೇರೆ. ಗಡ್ಡೆ ಕಣ್ಣಿಗೂ ಬೆರಳಿಗೂ ಸಿಗದಂತಾದ ಮೇಲೆ ಇನ್ನೊಂದು ಡೋಸ್ ಕೊಟ್ಟು ನಿಲ್ಲಿಸುವುದು ವಾಸಿ.

ಸೂಜಿ ರಕ್ತನಾಳದಿಂದ ಜಾರಿ ಮದ್ದು ಹೊರಗೆ ಸೋರಿದರೆ ಕಾಲಿನ ಚರ್ಮ ಕೊಳೆತು ಉದುರುತ್ತದೆ. ಆದ್ದರಿಂದ ಕ್ಯಾನುಲಾ ಹೊಸ ನಾಳಕ್ಕೆ, ಒಂದೇ ಚುಚ್ಚಿಗೆ ಕೂತದ್ದಾಗಿರಬೇಕು. ಮೊದಲೂ ಆಮೇಲೂ ಸಲೈನ್ ಬಿಡಬೇಕು. ಸೋರಿತೆಂದು ಅನುಮಾನ ಬಂದರೆ ಸೂಜಿ ಕೀಳುವ ಮೊದಲು ಅದರಿಂದಲೇ ಸಾಧ್ಯವಾದಷ್ಟು ಹಿಂದಕ್ಕೆಳೆದು, ಬಿಸಿ ಶಾಖ ಕೊಡಬೇಕು. ಐಸ್ ಇಡಬಾರದು, ಈ ಮದ್ದಿಗೆ ಅದು ಕೆಡುಕು. ಪ್ರತಿ ಡೋಸಿಗೂ ಮೊದಲು ರಕ್ತಪರೀಕ್ಷೆ: ಬಿಳಿರಕ್ತಕಣ ಮೈಕ್ರೋಲೀಟರಿಗೆ 4,000ಕ್ಕಿಂತ ಕಡಿಮೆಯಿದ್ದರೆ ಕೆಲವು ದಿನ ಮುಂದೂಡಿ, ಮುಂದಿನ ಡೋಸನ್ನು ಕಾಲುಭಾಗ ಇಳಿಸುವುದು ರೂಢಿ. ಎರ್ಲಿಕಿಯಾದಿಂದ ಮೊದಲೇ ಕಣಗಳು ಇಳಿದಿರುವ ನಾಯಿಗಳೇ ಹೆಚ್ಚಿರುವಲ್ಲಿ ಇದನ್ನು ಬಿಟ್ಟುಬಿಡುವುದು ಅಪಾಯ. ಮಲಬದ್ಧತೆ, ಹಿಂಗಾಲಿನ ನಿತ್ರಾಣವೂ ಬರಬಹುದು. ಕೋಲಿಯಂಥ ಕುರಿಕಾಯುವ ತಳಿಗಳಲ್ಲಿ ಎಂಡಿಆರ್1 ಜೀನಿನ ದೋಷವಿದ್ದರೆ ಮಾಮೂಲಿ ಪ್ರಮಾಣವೂ ವಿಷ. ವಯಲ್ 2ರಿಂದ 8 ಡಿಗ್ರಿಯಲ್ಲಿ, ಬೆಳಕು ತಾಗದಂತೆ. ಬಸುರಿಯರು ಈ ಮದ್ದನ್ನಾಗಲಿ, ಮದ್ದು ಕೊಟ್ಟ ದಿನಗಳಲ್ಲಿ ನಾಯಿಯ ಮೂತ್ರ, ಮಲವನ್ನಾಗಲಿ ಮುಟ್ಟಬಾರದು. ವಿನ್‌ಕ್ರಿಸ್ಟಿನ್‌ಗೆ ಬಗ್ಗದ ಗಡ್ಡೆಗೆ ಡಾಕ್ಸೊರುಬಿಸಿನ್, ಮೂರು ವಾರಕ್ಕೊಮ್ಮೆ, ಹೃದಯದ ಮೇಲೆ ಕಣ್ಣಿಟ್ಟು.

ಬೇರೆ ಕ್ಯಾನ್ಸರ್‌ಗಳಲ್ಲಿ ಕನಸಾಗಿರುವ ಶೇ 90ಕ್ಕೂ ಮೇಲ್ಪಟ್ಟ ಗುಣ ಇಲ್ಲಿ ಮಾಮೂಲಿ. ಅರ್ಧ ಕೆಲಸ ಮದ್ದಿನದು, ಉಳಿದರ್ಧ ನಾಯಿಯದು. ಮದ್ದು ಕೊಟ್ಟಾಗ ಸಾಯುವ ಕೋಶಗಳ ಸುತ್ತ ಉರಿಯೂತ ಎದ್ದು ಪ್ರತಿರೋಧಕ ಕೋಶಗಳು ಮುನ್ನುಗ್ಗುತ್ತವೆ, ಅಡಗಿದ್ದ ಎಂಎಚ್‌ಸಿ ಹೊರಬರುತ್ತದೆ, ಪರಕೀಯ ಕೋಶವೆಂದು ಮೈಗೆ ತಿಳಿಯುತ್ತದೆ. ಸ್ವಂತ ಕೋಶದ ಕ್ಯಾನ್ಸರ್‌ಗೆ ಈ ಅನುಕೂಲವಿಲ್ಲ. ಕತ್ತಿಯಿಂದ ತೆಗೆದಾಗ ಈ ಉರಿಯೂತದ ಅಲೆ ಏಳುವುದಿಲ್ಲ, ಅಂಚಿನಲ್ಲಿ ಉಳಿದ ಕೋಶಗಳು ಅದೇ ಗಾಯದಲ್ಲಿ ನೆಲೆಯೂರುತ್ತವೆ. ಹರಡುವುದಕ್ಕೆ ಗಾಯವೇ ಬೇಕಾದ ಕೋಶಕ್ಕೆ ನಾವೇ ಗಾಯ ಮಾಡಿಕೊಟ್ಟಂತೆ. ಮೂತ್ರ ಕಟ್ಟಿದ್ದರೆ ಕತ್ತರಿಸಿ ದಾರಿ ಬಿಡಿಸುವುದು ಸರಿ, ಅದನ್ನೇ ಚಿಕಿತ್ಸೆ ಎನ್ನುವುದು ಸರಿಯಲ್ಲ.

ತಡೆಗೆ ಸಂತಾನಹರಣವೇ ದಾರಿ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ರೋಗ, ನಾಯಿಗಳು ಬೀದಿ ಬಿಟ್ಟು ಮನೆ ಸೇರಿದ ಮೇಲೆ 20ನೇ ಶತಮಾನದಲ್ಲಿ ಕಣ್ಮರೆಯಾಯಿತು. ನಮ್ಮಲ್ಲಿ 2001ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮ, ಈಗ 2023ರ ಹೊಸ ನಿಯಮದಂತೆ ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದಲ್ಲೇ ಬಿಡುತ್ತಾರೆ. ಅರಿವಳಿಕೆಯಲ್ಲಿ ಮಲಗಿದ ಆ ಹೊತ್ತೇ ಟಿವಿಟಿ ನೋಡಲು ಅತಿ ಸುಲಭದ ಸಮಯ, ಎರಡು ನಿಮಿಷ ಸಾಕು. ಗಡ್ಡೆ ಇದ್ದರೆ ಶಸ್ತ್ರಚಿಕಿತ್ಸೆ ಮತ್ತು ವಿನ್‌ಕ್ರಿಸ್ಟಿನ್ ಒಂದೇ ವಾರದಲ್ಲಿ ಬೇಡ, ಬಿಳಿಕಣ ಇಳಿದಾಗ ಹೊಲಿಗೆ ಕೂಡುವುದಿಲ್ಲ.

ನಾಯಿಗಳನ್ನು ಎತ್ತಿಹಾಕಿದರೆ ಸಾಲದೇ ಎನ್ನುವವರಿಗೆ ಟ್ಯಾಸ್ಮೇನಿಯಾದ ಅನುಭವ ಇದೆ. ಅಲ್ಲಿನ ಡೆವಿಲ್ ಎಂಬ ಮಾಂಸಾಹಾರಿ ಪ್ರಾಣಿಯಲ್ಲಿ ಮುಖದ ಗಡ್ಡೆ ಮೊದಲು ಕಂಡದ್ದು 1996ರಲ್ಲಿ, ದ್ವೀಪದ ಈಶಾನ್ಯದಲ್ಲಿ. ಹೆಣದ ಮುಂದೆ, ಕೂಡುವಾಗ ಅವು ಮುಖಕ್ಕೆ ಮುಖ ಕಚ್ಚಾಡುತ್ತವೆ, ಕೋಶ ದಾಟುತ್ತದೆ, ತಿಂಗಳುಗಳಲ್ಲಿ ಸಾವು. ಫಾರೆಸ್ಟಿಯರ್ ಎಂಬ ಪರ್ಯಾಯದ್ವೀಪದಲ್ಲಿ ರೋಗಿ ಡೆವಿಲ್‌ಗಳನ್ನೆಲ್ಲ ಹಿಡಿದು ಕೊಲ್ಲುವ ಪ್ರಯೋಗ ವರ್ಷಗಟ್ಟಲೆ ನಡೆಯಿತು, ರೋಗ ನಿಲ್ಲಲಿಲ್ಲ. ಕೂಡುವಾಗ ದಾಟುವ ರೋಗಕ್ಕೆ ಸಂಖ್ಯೆ ಕಡಿಮೆಯಾದರೇನು, ಉಳಿದವು ಸಂಗಾತಿಯನ್ನು ಹುಡುಕಿಯೇ ಹುಡುಕುತ್ತವೆ. ದಡಾರದಂಥ ರೋಗಕ್ಕೆ ಅನ್ವಯಿಸುವ ದಟ್ಟಣೆಯ ಲೆಕ್ಕ ಇಲ್ಲಿ ನಡೆಯದು.

ಡೆವಿಲ್‌ನಲ್ಲಿ ಒಂದಲ್ಲ, ಎರಡು ಕ್ಯಾನ್ಸರ್. ಎರಡೂ ನರಗಳಿಗೆ ಹೊದಿಕೆಯಾಗುವ ಶ್ವಾನ್ ಕೋಶದ ಮೂಲದವು. ಮೊದಲನೆಯದು ಹೆಣ್ಣೊಂದರಲ್ಲಿ ಹುಟ್ಟಿತು. 2014ರಲ್ಲಿ ಆಗ್ನೇಯ ಕರಾವಳಿಯಲ್ಲಿ ಸಿಕ್ಕ ಎರಡನೆಯದರಲ್ಲಿ ವೈ ಕ್ರೋಮೋಸೋಮ್ ಇತ್ತು, ಅಂದರೆ ಮೂಲ ಒಂದು ಗಂಡು. 2023ರ ಲೆಕ್ಕದಲ್ಲಿ ಮೊದಲನೆಯದು 1986ರ ಸುಮಾರಿಗೆ, ಎರಡನೆಯದು 2011ರ ಸುಮಾರಿಗೆ ಹುಟ್ಟಿದವು. ಎರಡನೆಯದರಲ್ಲಿ ಮ್ಯುಟೇಷನ್ ಮೂರು ಪಟ್ಟು ವೇಗ. ಡೆವಿಲ್‌ಗಳೆಲ್ಲ ಹತ್ತಿರದ ನೆಂಟರಾದ್ದರಿಂದ ಗಡ್ಡೆಯನ್ನು ಗುರುತಿಸಲಾಗುತ್ತಿಲ್ಲ ಎಂದು ಮೊದಲು ನಂಬಿದ್ದರು. ಆದರೆ ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ತಿರಸ್ಕರಿಸುತ್ತವೆ! ಹಾಗಾಗಿ ಕಾರಣ ಗಡ್ಡೆಯಲ್ಲೇ ಇರಬೇಕಿತ್ತು. 2013ರಲ್ಲಿ ಗೊತ್ತಾಯಿತು: ಎಂಎಚ್‌ಸಿ ಜೀನುಗಳು ಕೆಟ್ಟಿಲ್ಲ, ಬಾಯಿ ಮುಚ್ಚಿಸಲ್ಪಟ್ಟಿವೆ. ಇಂಟರ್‌ಫೆರಾನ್-ಗಾಮಾ ಎಂಬ ಪ್ರತಿರೋಧಕ ಪ್ರೋಟೀನು ಕೊಟ್ಟರೆ ಮತ್ತೆ ಕೆಲಸ ಮಾಡುತ್ತವೆ. ಲಸಿಕೆಯ ಪ್ರಯತ್ನಗಳೆಲ್ಲ ಈ ಕಿಂಡಿಯಿಂದಲೇ.

ಪ್ರಾಣಿಯೂ ಸುಮ್ಮನೆ ಕೂತಿಲ್ಲ. ನಾಲ್ಕರಿಂದ ಆರು ತಲೆಮಾರಿನೊಳಗೆ ಡೆವಿಲ್ ಜೀನೋಮಿನ ಎರಡು ಭಾಗಗಳಲ್ಲಿ ಬದಲಾವಣೆ ದಾಖಲಾಗಿದೆ. ಹೆಣ್ಣುಗಳು ಎರಡನೇ ವರ್ಷದ ಬದಲು ಒಂದನೇ ವರ್ಷದಲ್ಲೇ ಮರಿಹಾಕತೊಡಗಿವೆ. ಕೆಲವು ಗಡ್ಡೆ ಕರಗಿಸಿಕೊಂಡು ಬದುಕಿವೆ.

ಸಮುದ್ರದ್ದು ಮತ್ತೊಂದೇ ಲೋಕ. ಕರಾವಳಿಯವರು ಮರುವಾಯಿ ಎನ್ನುವ ಚಿಪ್ಪುಜೀವಿಗಳ ದೂರದ ಬಳಗದಲ್ಲಿ, ಉತ್ತರ ಅಮೆರಿಕದ ಅಟ್ಲಾಂಟಿಕ್ ದಡದ ಮೃದುಚಿಪ್ಪಿನ ಜಾತಿಯೊಂದರಲ್ಲಿ ರಕ್ತಕ್ಯಾನ್ಸರ್ ಅಂಟುತ್ತದೆಂದು ಮೈಕಲ್ ಮೆಟ್ಜರ್, ಸ್ಟೀಫನ್ ಗಾಫ್ ತಂಡ 2015ರಲ್ಲಿ ತೋರಿಸಿತು. ಸುಳಿವು ಕೊಟ್ಟದ್ದು ಸ್ಟೀಮರ್ ಎಂಬ ನೆಗೆಯುವ ಜೀನು: ಆರೋಗ್ಯವಂತ ಜೀವಿಯಲ್ಲಿ 2ರಿಂದ 10 ಪ್ರತಿ, ಕ್ಯಾನ್ಸರ್ ಕೋಶದಲ್ಲಿ 150ಕ್ಕೂ ಹೆಚ್ಚು. ಮುಟ್ಟುವುದೂ ಬೇಡ, ಕಚ್ಚುವುದೂ ಬೇಡ. ನೀರು ಸೋಸಿ ತಿನ್ನುವ ಜೀವಿಗೆ ನೀರೇ ಕೋಶವನ್ನು ತಂದುಕೊಡುತ್ತದೆ. ಸ್ಪೇನಿನ ಗಲೀಷಿಯಾದಲ್ಲಿ ಒಂದು ಜಾತಿಯ ಕ್ಯಾನ್ಸರ್ ಇನ್ನೊಂದು ಜಾತಿಯೊಳಗೆ ಬೆಳೆಯುತ್ತಿದ್ದುದು 2016ರಲ್ಲಿ ಪತ್ತೆಯಾಯಿತು. ಇವಕ್ಕೆ ನಮ್ಮಂಥ ಎಂಎಚ್‌ಸಿ ಇಲ್ಲ. ನಾಯಿಯಲ್ಲಿ ಗೊತ್ತಿರುವುದು ಒಂದೇ ವಂಶ, ಡೆವಿಲ್‌ನಲ್ಲಿ ಎರಡು, ಚಿಪ್ಪುಜೀವಿಗಳಲ್ಲಿ ಹಲವು ಎಂಬುದಕ್ಕೆ ಇದು ಕಾರಣವಿರಬಹುದು.

ಮನುಷ್ಯರಿಗೆ ಅಂಟುತ್ತದೆಯೇ ಎಂದು ಪ್ರತಿಸಲವೂ ಕೇಳುತ್ತಾರೆ. ಟಿವಿಟಿ ನಾಯಿಯಿಂದ ಮನುಷ್ಯರಿಗೆ ಬರುವುದಿಲ್ಲ. ಮನುಷ್ಯರ ನಡುವೆ ಕ್ಯಾನ್ಸರ್ ಕೋಶ ದಾಟಿದ್ದು ಅಂಗಾಂಗ ಕಸಿಯಲ್ಲೋ, ಬಸುರಿಯಿಂದ ಮಗುವಿಗೋ, ಶಸ್ತ್ರವೈದ್ಯರ ಕೈ ಗಾಯಕ್ಕೋ, ಅದೂ ತೀರಾ ಅಪರೂಪಕ್ಕೆ. ಆದರೆ ಒಂದು ನಾಯಿಯಿಂದ ಇನ್ನೊಂದಕ್ಕೆ ನಮ್ಮ ಕೈ ದಾಟಿಸಬಲ್ಲದು. ಕ್ಯಾಂಪಿನಲ್ಲಿ ಟಿವಿಟಿ ನಾಯಿಯನ್ನು ಸಾಲಿನ ಕೊನೆಗೆ ಇಟ್ಟುಕೊಳ್ಳಿ, ಗಡ್ಡೆ ಮುಟ್ಟಿದ ಕೈಗವಸು ಅಲ್ಲೇ ಬಿಸಾಡಿ, ಗಡ್ಡೆ ಮುಟ್ಟಿದ ಕತ್ತರಿಯನ್ನು ಹೊಟ್ಟೆ ತೆರೆಯಲು ಬಳಸಬೇಡಿ.